ಮೂರನೇ ಅಂಕದ ಕೈ

ಜೂನ್ 14

ಚೆಂಡಣ್ಣಾ,

ಮೊದಲು ಅಪ್ಪನಿಗೆ ಒಂದು ಮಾತು. ಅಪ್ಪಾ, ಇದನ್ನ ಓದಿ ಹೇಳೋದು ನೀನೇ ಅಂತ ಗೊತ್ತು. ಬಸ್ಸಿನ ಬೋರ್ಡು ಓದಿದ ಹಾಗೆ ಒಂದೇ ರಾಗದಲ್ಲಿ ಓದಬೇಡ. ನಾನು ನಗೋ ಜಾಗದಲ್ಲಿ ನಗು, ಬೈಯೋ ಜಾಗದಲ್ಲಿ ಬೈ. ಇಲ್ಲದಿದ್ರೆ ಅಣ್ಣ ನನ್ನನ್ನೇ ಸಪ್ಪೆ ಅಂದ್ಕೊಳ್ತಾನೆ.

ಹಾಸ್ಟೆಲು ಪರವಾಗಿಲ್ಲ. ಕೋಣೆಯಲ್ಲಿ ಇಬ್ಬರು. ಇನ್ನೊಬ್ಬಳು ಕ್ಯಾಮೆರಾ ಕಲೀತಾಳೆ, ನಿದ್ದೆ ಮಾಡುವಾಗಲೂ ಒಂದು ಕಣ್ಣು ಅರ್ಧ ತೆರೆದೇ ಇರುತ್ತೆ. ನಾನು ಸೇರಿರೋದು ಚಿತ್ರಕಥೆಗೆ ಅಂತ ನಿನಗೆ ಗೊತ್ತೇ ಇದೆ. ಮೇಡಮ್ಮು ಮೊದಲ ದಿನವೇ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಅದನ್ನ ಎರಡು ಕಡೆ ಕಡಿದು, ಮೂರು ತುಂಡು ಮಾಡಿದ್ರು. ಮೊದಲ ಅಂಕದಲ್ಲಿ ಇವನು ಯಾರು, ಇವನಿಗೆ ಕಳ್ಕೊಳ್ಳೋಕೆ ಏನಿದೆ ಅಂತ ತೋರಿಸಬೇಕಂತೆ. ಎರಡನೇ ಅಂಕದಲ್ಲಿ ಅವನನ್ನ ಹಿಂಡಿ ಹಿಪ್ಪೆ ಮಾಡಬೇಕು. ಅದರ ಕೊನೆಗೆ ಅವನು ನೆಲ ಕಚ್ಚಬೇಕು, ನೋಡೋರಿಗೆ ಇನ್ನು ಇವನ ಕಥೆ ಮುಗೀತು ಅನ್ನಿಸಬೇಕು. ಮೂರನೇ ಅಂಕದಲ್ಲಿ ಎದ್ದು ಬರಬೇಕು. ಎಂಥ ಹೊಡೆದಾಟದ ಸಿನಿಮಾ ತಗೊಂಡ್ರೂ ಈ ಮೂರು ತುಂಡು ಸಿಗುತ್ತೆ, ನೀವೇ ಬಿಡಿಸಿ ನೋಡಿ ಅಂತ ಹೇಳಿ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಎತ್ತಿಸಿದ್ರು.

ನನ್ನ ಕೈಗೆ ನಿನ್ನ ಸಿನಿಮಾ ಬಂತು.

ಮೇಡಮ್ಮಿಗೆ ಏನೂ ಹೇಳಿಲ್ಲ. ತೆರೆಗೆ ಬಂದು ಒಂದು ವರ್ಷದಲ್ಲಿ ಎಲ್ಲರೂ ನೋಡಿದ ಸಿನಿಮಾನ ನಾನೊಬ್ಬಳೇ ನೋಡಿಲ್ಲ. ಮನೇಲಿ ಅದರ ಹೆಸರು ಎತ್ತಿದ್ರೆ ಅಪ್ಪ ಎದ್ದು ನಲ್ಲಿ ನೋಡೋಕೆ ಹೋಗ್ತಿದ್ದ. ಬೇಡ ಅಂದ್ರೆ ಬೇರೆ ಚೀಟಿ ಕೇಳ್ತೀನಿ. ನೀನು ಹೇಳಿದ ಹಾಗೆ.

ನಿನ್ನ ತಂಗಿ,
ಗುಬ್ಬಿ


ಜೂನ್ 23

ಏ ಗುಬ್ಬೀ,

ಅಪ್ಪ ನಗೋ ಜಾಗದಲ್ಲಿ ನಕ್ಕ. ಭಯವಾಯ್ತು. ಇನ್ನು ಮೇಲೆ ಬಸ್ಸಿನ ಬೋರ್ಡಿನ ಹಾಗೇ ಓದಲಿ ಬಿಡು.

ಬರೆಯೋ ಕೈ ಅಪ್ಪನದು, ಬಾಯಿ ನಂದು. ಕುತ್ತಿಗೆಯಿಂದ ಕೆಳಗೆ ಎಲ್ಲ ರಜೆ ಹಾಕಿ ಕೂತಿರೋವಾಗ ಬಾಯಾದ್ರೂ ಕೆಲಸ ಮಾಡಲಿ. ಫೋನು ಮಾಡು ಅನ್ನಬೇಡ. ನನ್ನ ದನಿ ಈಗ ಸೈಕಲ್ ಚಕ್ರದ ಗಾಳಿ ಬಿಟ್ಟ ಹಾಗೆ ಬರುತ್ತೆ, ನಿನಗೆ ಕೇಳಲ್ಲ. ಅದೂ ಅಲ್ಲದೆ ಫೋನಲ್ಲಿ ನೀನು ಅಳ್ತೀಯಾ.

ಚೀಟಿ ಬದಲಾಯಿಸ್ತಾಳಂತೆ ಚೀಟಿ! ನಾನು ಆ ಸಿನಿಮಾಕ್ಕೆ ಬಿದ್ದಿದ್ದು ನೀನು ಇನ್ಯಾವುದೋ ಸಿನಿಮಾದ ಮೇಲೆ ಬರೀಲಿ ಅಂತಲಾ? ಬರಿ. ಚೆನ್ನಾಗಿ ಬರಿ.

ಆದ್ರೆ ಈ ಮೂರು ಅಂಕ ಕಲಿಸೋಕೆ ನಿಮ್ಮ ಮೇಡಮ್ಮಿಗೆ ಇಡೀ ವರ್ಷ ಬೇಕಾ? ನಮ್ಮದು ಒಂದೇ ಉಸಿರಿನ ಪಾಠ. ಹತ್ತೋದು, ಬೀಳೋದು, ಕೈ ಎತ್ತೋದು.

ನೀನು ಶೂಟಿಂಗಿಗೆ ಬಂದವಳಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಹೀರೋಗೆ ಡೂಪು ಹಾಕಿ ನಾವು ಬೀಳ್ತೀವಲ್ಲ, ಬಿದ್ದ ಮೇಲೆ ಯಾರೂ ನಮ್ಮ ಹತ್ರ ಬರೋ ಹಾಗಿಲ್ಲ. ಹೆತ್ತ ತಾಯಿ ಪಕ್ಕದಲ್ಲಿದ್ರೂ ಬರೋ ಹಾಗಿಲ್ಲ. ಬಿದ್ದವನು ಮೊದಲು ಒಳಗೊಳಗೇ ಹಾಜರಿ ತಗೋಬೇಕು. ಕಾಲ್ಬೆರಳು ಇದೆಯಾ, ಇದೆ. ಮೊಣಕಾಲು, ಸೊಂಟ, ಕುತ್ತಿಗೆ. ಎಲ್ಲ 'ಇದೀನಿ ಸಾರ್' ಅಂದ ಮೇಲೆ ಕೈ ಎತ್ತಬೇಕು. ಕೈ ಎದ್ರೆ ಹುಡುಗರು ಓಡಿ ಬಂದು ಎತ್ತಿ ನಿಲ್ಲಿಸ್ತಾರೆ. ಕೈ ಏಳಲಿಲ್ಲ ಅಂದ್ರೆ ಡಾಕ್ಟರು ಬರೋವರೆಗೆ ಒಂದು ಬೆರಳೂ ತಾಗಿಸಬಾರದು. ಯಾಕಂದ್ರೆ ಮುರಿದ ಕುತ್ತಿಗೆ ಅಲುಗದೆ ಮಲಗಿದ್ರೆ ಎಷ್ಟೋ ಸಲ ಉಳಿಯುತ್ತೆ. ಎತ್ತಿ ನಿಲ್ಲಿಸಿದ್ರೆ ಒಳಗಿನ ನರ ಹೋಗುತ್ತೆ.

ಇದನ್ನ ನನಗೆ ಕಲಿಸಿದ್ದು ನಮ್ಮ ಫೈಟ್ ಮಾಸ್ಟರು. ಆಮೇಲೆ ಬಂದವರಿಗೆಲ್ಲ ಕಲಿಸಿದ್ದು ನಾನು. ಇಟ್ಟಿಗೆ ಇದಾನಲ್ಲ, ಬಾಗಿಲಲ್ಲಿ ಅಡ್ಡಕ್ಕೆ ತಿರುಗಿ ಬರೋ ಆಸಾಮಿ, ಅವನು ಮೊದಲ ಸಲ ಬಿದ್ದಾಗ ಎಲ್ಲರೂ ನೋಡಲಿ ಅಂತ ಬಿದ್ದ ಕೂಡಲೇ ಕೈ ಎತ್ತಿದ. ಎಬ್ಬಿಸಿ ನಿಲ್ಲಿಸಿ ಕಪಾಳಕ್ಕೆ ಕೊಟ್ಟೆ. ಶೋಕಿಗೆ ಕೈ ಎತ್ತೋನು ಚಟ್ಟ ಏರ್ತಾನೆ ಅಂದೆ.

ಮತ್ತೆ ನಾನೇನು ಮಾಡಿದೆ? ಮಣ್ಣಿನ ಕೆಳಗೆ ಹಾಸಿಗೆ ಹೂತಿಟ್ಟಿದ್ರು, ನಾನು ಅದರ ಅಂಚಿಗೆ ಬಿದ್ದೆ. ಅದು ಬಿಡು, ನಮ್ಮ ಕೆಲಸದಲ್ಲಿ ಆಗುತ್ತೆ. ಆದ್ರೆ 'ಬಿದ್ದ ಮೇಲೆ ಕೈ ಎತ್ತಿದೆಯಲ್ಲೋ, ಅದಕ್ಕೇ ನಿನ್ನನ್ನ ಎತ್ತಿ ನಿಲ್ಲಿಸಿದ್ವಿ' ಅಂತಾರೆ ಮಾಸ್ಟರು. ನನಗೆ ಒಂದೂ ನೆನಪಿಲ್ಲ. ಮೇಲೆ ನಿಂತಿದ್ದು ನೆನಪಿದೆ. ಕೆಳಗೆ ಮಾಸ್ಟರ ಬಿಳಿ ಕ್ಯಾನ್ವಾಸ್ ಶೂ ಕಂಡದ್ದು ನೆನಪಿದೆ. ಆಮೇಲೆ ಆಸ್ಪತ್ರೆಯ ಫ್ಯಾನು. ನಮ್ಮ ಹುಡುಗರೆಲ್ಲ ಆವತ್ತು ಬೇರೆ ಕಡೆ ವ್ಯಾನಿನ ಶಾಟಲ್ಲಿದ್ರು, ಕ್ಯಾಮೆರಾದವರು ಮಾಸ್ಟರು ಹೇಳಿದ್ದೇ ಸರಿ ಅಂದ್ರು. ಕೊನೆಗೆ ಅಪ್ಪ ಸಿನಿಮಾ ನೋಡಿ ಬಂದು, ಹೌದು ಕಣೋ, ನೀನು ಕೈ ಎತ್ತಿದ್ದನ್ನ ನಾನೇ ಕಣ್ಣಾರೆ ಕಂಡೆ ಅಂದ. ಅಲ್ಲಿಗೆ ಮುಗೀತು. ಎದುರಿಗೆ ಹೀರೋ ನಿಂತಿದ್ದ, ಶೋಕಿ ಮಾಡೋಕೆ ಹೋಗಿ ನನ್ನ ಕುತ್ತಿಗೆ ನಾನೇ ಮುರ್ಕೊಂಡೆ. ಯಾರನ್ನ ಬೈಲಿ?

ಹೇಗೆ ಎತ್ತಿದ್ದೆ ಅಂತ ನೋಡಿ ಬರಿ.

ಚೆಂಡು

ಮಗಳೇ, ಇದು ನನ್ನ ಮಾತು, ಅವನಿಗೆ ಓದಿ ಹೇಳಿಲ್ಲ. ಮಾಸ್ಟರ ಮೇಲೆ ನಾನು ಪೊಲೀಸ್ ಠಾಣೆಯಲ್ಲಿ ಕೊಟ್ಟಿದ್ದ ದೂರನ್ನು ಸಿನಿಮಾ ನೋಡಿದ ಮಾರನೇ ದಿನವೇ ವಾಪಸ್ ತೆಗೆದುಕೊಂಡೆ. ಸುಳ್ಳು ದೂರಿನ ಪಾಪ ಬೇಡ ಅನ್ನಿಸಿತು. ಅವರು ಈಗಲೂ ಭಾನುವಾರ ಬಂದು ಇವನಿಗೆ ಗಡ್ಡ ಮಾಡಿ ಹೋಗುತ್ತಾರೆ. ಇವನು ಅವರಿಗಾಗಿ ಬೆಳಿಗ್ಗೆಯಿಂದ ಬಾಗಿಲು ನೋಡುತ್ತಿರುತ್ತಾನೆ. - ಅಪ್ಪ


ಜುಲೈ 9

ಚೆಂಡಣ್ಣಾ,

ನೋಡಿದೆ. ಕಾಲೇಜಿನ ಪುಟ್ಟ ಥಿಯೇಟರಿನಲ್ಲಿ, ಎಲ್ಲರ ಜೊತೆ.

ಮೊದಲ ಅಂಕ ಬಿಡಿಸಿದ್ದೀನಿ, ಕೇಳು. ಹೀರೋ ವ್ಯಾನ್ ಓಡಿಸೋನು. ಜೊತೆಗೊಬ್ಬ ಕ್ಲೀನರು, ತಮ್ಮನ ಥರ. ಕೊಲೆ ಕಂಡ ಒಬ್ಬ ಗುಮಾಸ್ತನನ್ನ ದೂರದ ಕೋರ್ಟಿಗೆ ಮುಟ್ಟಿಸು ಅಂತ ಯಾರೋ ಕೇಳ್ತಾರೆ. ಇವನು ನನಗ್ಯಾಕೆ ಊರ ಉಸಾಬರಿ ಅಂತಾನೆ. ಆಗ ಕೊಲೆಗಾರರ ಕಡೆಯವರು ವ್ಯಾನಿಗೆ ಬೆಂಕಿ ಇಡ್ತಾರೆ, ಒಳಗೆ ಕ್ಲೀನರು ಮಲಗಿರ್ತಾನೆ. ಇನ್ನು ಹಿಂದೆ ಹೋಗೋ ದಾರಿ ಇಲ್ಲ. ಇದು ಮೊದಲ ತಿರುವು, ಮೇಡಮ್ಮು ಬೋರ್ಡಲ್ಲಿ ಕಡಿದ ಮೊದಲ ಜಾಗ. ಕ್ಲೀನರು ಸತ್ತಿದ್ದಕ್ಕೆ ಒಬ್ಬರೂ ಅಳಲಿಲ್ಲ, ಹೀರೋಗೆ ಸಿಟ್ಟು ಬರಿಸೋಕೆ ಅವನು ಸಾಯಲೇಬೇಕಿತ್ತು ಅಂತ ಎಲ್ಲರೂ ಬರ್ಕೊಂಡ್ರು. ನಾನೂ ಬರ್ಕೊಂಡೆ.

ಅಪ್ಪಾ, ಡ್ರೈವರ್ ಸಾಹೇಬಾ, ನಿನಗೊಂದು. ಇನ್ನೊಂದು ವ್ಯಾನು ತಗೊಂಡು ಅಷ್ಟು ದೂರ ಓಡಿಸ್ತಾನಲ್ಲ, ಆ ಮಹಾರಾಯ ಒಂದೇ ಒಂದು ಸಲ ಕನ್ನಡಿ ನೋಡಲ್ಲ. ನಿನ್ನ ಕೈಲಿ ಸಿಕ್ಕಿದ್ರೆ ಲೈಸೆನ್ಸು ಹರಿದು ಹಾಕ್ತಿದ್ದೆ.

ಎರಡನೇ ಅಂಕ ಓಡೋದು, ಅಡಗೋದು, ಹೊಡೆಸಿಕೊಳ್ಳೋದು. ನಟ್ಟ ನಡುವೆ ಒಂದು ಪೆಟ್ಟು: ಆ ಗುಮಾಸ್ತನೂ ಕೊಲೆಗಾರರ ಪೈಕಿಯವನೇ ಅಂತ ಗೊತ್ತಾಗುತ್ತೆ. ಆದ್ರೂ ಹೀರೋ ಅವನನ್ನ ಬಿಡಲ್ಲ, ಒಪ್ಪಿಕೊಂಡ ಮೇಲೆ ಮುಟ್ಟಿಸ್ತೀನಿ ಅಂತಾನೆ. ಇದು ನನಗೆ ನಿಜವಾಗಿ ಇಷ್ಟವಾಯ್ತು. ಅಲ್ಲಿಂದ ಸಿಮೆಂಟು ಗೋದಾಮು. ಸುತ್ತ ಮುತ್ತಿಗೆ. ಹೀರೋನನ್ನ ಮೇಲಿನ ಮಹಡಿಯ ಅಂಚಿಗೆ ತಳ್ತಾ ಬರ್ತಾರೆ.

ಅಲ್ಲಿ ನಾನು ಕಣ್ಣು ಮುಚ್ಚಿಕೊಂಡೆ ಅಣ್ಣಾ. ಸದ್ದು ಕೇಳಿಸ್ತು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಇಡೀ ಕ್ಲಾಸು ಶಿಳ್ಳೆ ಹೊಡೀತು, ಪಕ್ಕದವಳು 'ಕೈ, ಕೈ' ಅಂತ ನನ್ನ ಭುಜ ಹಿಂಡಿದಳು. ಕಣ್ಣು ಬಿಟ್ಟಾಗ ಹೀರೋ ಎದ್ದು ನಿಂತಿದ್ದ. ಮೂರನೇ ಅಂಕ ಶುರುವಾಗಿತ್ತು.

ಕ್ಷಮಿಸು.

ಗುಬ್ಬಿ


ಜುಲೈ 20

ಗುಬ್ಬೀ,

ಕಣ್ಣು ಮುಚ್ಚಿಕೊಂಡು ಸಿನಿಮಾ ಬಿಡಿಸೋ ವಿದ್ಯೆ ಯಾವ ಕಾಲೇಜಲ್ಲಿ ಕಲಿಸ್ತಾರೆ? ಅದಕ್ಕೆ ಅಪ್ಪ ಫೀಸು ಕಟ್ಟಿದ್ದು ದಂಡ.

ನನಗೆ ಬೇಕಿದ್ದು ಒಂದೇ. ಬಿದ್ದ ಮೇಲೆ ಎಷ್ಟು ಹೊತ್ತಿಗೆ ಎತ್ತಿದೆ? ಹಾಜರಿ ತಗೊಳ್ಳೋವಷ್ಟು ಹೊತ್ತು ಇದ್ನಾ, ಇಲ್ಲ ಇಟ್ಟಿಗೆ ಥರ ಬಿದ್ದ ಕೂಡಲೇ ಎತ್ತಿದ್ನಾ? ಅಪ್ಪನ್ನ ಕೇಳಿದ್ರೆ 'ಬಿದ್ದೆ, ಧೂಳು ಬಂತು, ಕೈ ಬಂತು' ಅಂತಾನೆ. ಬಸ್ಸು ಬಂತು, ನಿಂತಿತು, ಹೋಯ್ತು ಅಂದ ಹಾಗೆ. ನನಗೆ ಸರಿಯಾಗಿ ಬೇಕು. ಕಾದು ಎತ್ತಿದ್ರೆ ನನ್ನ ಗ್ರಹಚಾರ ಅನ್ಕೋತೀನಿ. ಕಾಯದೆ ಎತ್ತಿದ್ರೆ ನಾನು ಸೂಳೆಮಗ, ಹುಡುಗರಿಗೆ ಕಪಾಳಕ್ಕೆ ಕೊಟ್ಟ ಬಾಯಿ ಈಗ ಮುಚ್ಚಿಕೊಂಡಿರಬೇಕು. (ಅಪ್ಪ ಆ ಪದ ಬರೆಯಲ್ಲ ಅಂದ. ಬರೆಸಿದ್ದೀನಿ.)

ನೋಡು. ಕಣ್ಣು ಬಿಟ್ಟು ನೋಡು.

ಚೆಂಡು

ಮಗಳೇ, ಅವನು ಊಟ ಬಿಟ್ಟಿದ್ದಾನೆ, ದಿನಕ್ಕೆ ಒಂದು ಲೋಟ ಗಂಜಿ ಇಳಿದರೆ ಹೆಚ್ಚು. ಬಾಯಿಗೆ ಇಟ್ಟರೆ ಗೋಡೆ ಕಡೆ ಮುಖ ತಿರುಗಿಸುತ್ತಾನೆ, ಅದೊಂದೇ ಅವನು ತಿರುಗಿಸಬಲ್ಲದ್ದು. ಬೆನ್ನ ಹುಣ್ಣು ಒಂದು ವಾಸಿಯಾದರೆ ಇನ್ನೊಂದು ಬರುತ್ತಿದೆ, ಮೈ ಬಿಸಿ ಇಳಿಯುತ್ತಿಲ್ಲ. ತಿನ್ನದಿದ್ದರೆ ಔಷಧಿ ಏನೂ ಮಾಡಲ್ಲ ಅಂತ ಡಾಕ್ಟರು ಹೇಳಿಹೋದರು. ಹಿಂದಿನ ಭಾನುವಾರ ಮಾಸ್ಟರು ಗಡ್ಡ ಮಾಡುವಾಗ ಇವನು, 'ನಿಮ್ಮ ಹೆಸರು ಕೆಡಿಸಿದೆ ಮಾಸ್ಟರ್, ಕ್ಷಮಿಸಿ' ಅಂದ. ಅವರು ಸೋಪು ಹಚ್ಚುತ್ತಲೇ ಇದ್ದರು. ಅವನು ಕೇಳಿದ್ದಕ್ಕೆ ಒಂದು ಒಳ್ಳೆಯ ಉತ್ತರ ಬರೆದುಬಿಡು. ಕಾದು ಎತ್ತಿದ ಅಂತ ಬರಿ. - ಅಪ್ಪ


ಆಗಸ್ಟ್ 5

ಅಪ್ಪಾ,

ಈ ಕಾಗದ ನಿನಗೆ. ಅಣ್ಣನ ಮುಂದೆ ಒಡೆದಿದ್ರೆ ಮಡಚಿ ಜೇಬಿಗೆ ಹಾಕು, ಆಮೇಲೆ ಒಬ್ಬನೇ ಕೂತು ಓದು.

ನೋಡಿದೆ. ಎಡಿಟಿಂಗ್ ಕೋಣೆಯ ಕೀಲಿ ಕೇಳಿ ತಗೊಂಡು, ಕೋಣೆಯವಳನ್ನ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆ.  

ಅಪ್ಪಾ, ನೀನು ಬಸ್ಸು ಓಡಿಸಿದವನು. ನಿನಗೆ ಮುಂದಿನ ಗಾಜಿನಲ್ಲಿ ಒಂದಾದ ಮೇಲೆ ಒಂದು ಕಂಡದ್ದೆಲ್ಲ ಒಂದೇ ರಸ್ತೆ. ಸೇತುವೆ ಆದ ಮೇಲೆ ಮರ ಕಂಡ್ರೆ ಆ ಮರ ಸೇತುವೆ ಪಕ್ಕದ್ದೇ. ಸಿನಿಮಾ ಹಾಗಲ್ಲ. ಸೇತುವೆ ಒಂದೂರಿನದು, ಮರ ಇನ್ನೊಂದೂರಿನದು. ನಡುವೆ ಕತ್ತರಿಸಿ ಅಂಟಿಸಿರ್ತಾರೆ, ಅಂಟು ನಮಗೆ ಕಾಣಲ್ಲ.

ಅಣ್ಣ ಬೀಳೋದು ನಿಜವಾದ್ದು. ಮಧ್ಯಾಹ್ನದ ಬಿಸಿಲು, ನೆರಳೆಲ್ಲ ಕಾಲ ಬುಡದಲ್ಲಿದೆ. ಬಿದ್ದು ಅವನು ಬೋರಲಾಗಿ ಮಲಗಿದ್ದಾನೆ. ಬಲಗೈ ಎದೆ ಕೆಳಗೆ ಸಿಕ್ಕಿಕೊಂಡಿದೆ. ಎಡಗೈ ಪಕ್ಕದಲ್ಲಿ, ಅಂಗೈ ಮೇಲಾಗಿ. ಎರಡೂ ಅಲುಗಲ್ಲ. ಒಂದೂ ಬೆರಳು ಅಲುಗಲ್ಲ ಅಪ್ಪಾ. ಧೂಳು ಇಳಿಯೋಕೆ ಶುರುವಾಗುತ್ತೆ. ಆಗ ಪರದೆಯ ಎಡ ಮೂಲೆಯಿಂದ ಒಂದು ಶೂ ಒಳಗೆ ಬರುತ್ತೆ. ಬಿಳಿ ಕ್ಯಾನ್ವಾಸ್. ಅದರ ಹಿಂದೆ ಇನ್ನೊಂದು, ಓಡಿ ಬರೋ ಹೆಜ್ಜೆ. ಮೊಣಕಾಲು ಬಗ್ಗುತ್ತೆ, ಎರಡು ತೋಳು ಅಣ್ಣನ ಕಂಕುಳ ಕಡೆ ಚಾಚುತ್ತೆ. ಅಲ್ಲಿಗೆ ಕತ್ತರಿ. ಓಡೋ ಸಿನಿಮಾದಲ್ಲಿ ಅದು ಕಣ್ಣಿಗೆ ಸಿಗೋದೇ ಇಲ್ಲ, ನಿಲ್ಲಿಸಿದ್ರೆ ಮಾತ್ರ ಕಾಣುತ್ತೆ.

ಮುಂದಿನದು ಕೈ. ಪರದೆ ತುಂಬ ಕೈ, ಧೂಳಿನಿಂದ ನಿಧಾನಕ್ಕೆ ಏಳುತ್ತೆ. ಅದು ಬಲಗೈ. ನೆರಳು ಉದ್ದಕ್ಕೆ ಬಿದ್ದಿದೆ, ಸಂಜೆಯ ಬಿಸಿಲು. ಉಗುರೆಲ್ಲ ನೀಟಾಗಿ ಕತ್ತರಿಸಿದೆ. ಅಣ್ಣ ಉಗುರು ಕಚ್ಚಿ ಕಚ್ಚಿ, ಅಮ್ಮ ಇದ್ದಷ್ಟು ದಿನ ಅವಳ ಕೈಲಿ ಬೈಸಿಕೊಳ್ತಿದ್ದದ್ದು ನಿನಗೆ ನೆನಪಿಲ್ವಾ? ಅದು ಹೀರೋನ ಕೈ. ಬೇರೆ ದಿನ ತೆಗೆದದ್ದು.

ಅಣ್ಣ ಕೈ ಎತ್ತಲಿಲ್ಲ. ಮಾಸ್ಟರು ಕಾಯಲಿಲ್ಲ.

ನೀನು ದೂರು ವಾಪಸ್ ತಗೊಂಡದ್ದಕ್ಕೆ ನಾನು ಬೈಯ್ತಿಲ್ಲ. ಥಿಯೇಟರಿನಲ್ಲಿದ್ದವರೆಲ್ಲ ನೀನು ಕಂಡದ್ದನ್ನೇ ಕಂಡರು. ಹಾಗೆ ಕಾಣಲಿ ಅಂತಲೇ ಅಂಟಿಸಿರೋದು. ಅದನ್ನೇ ಇಲ್ಲಿ ನಮಗೆ ಕಲಿಸ್ತಾರೆ, ನಾನು ಅದಕ್ಕೆ ಮಾರ್ಕ್ಸ್ ತಗೋತೀನಿ. ನನಗೆ ಮೈಯೆಲ್ಲ ಉರೀತಿದೆ ಅಪ್ಪಾ. ಆ ಮನುಷ್ಯ ಒಂದು ವರ್ಷದಿಂದ ನಮ್ಮ ಮನೆಗೆ ಬಂದು, ಅಣ್ಣನ ಗಲ್ಲ ಹಿಡಿದು, ಗಡ್ಡ ಮಾಡಿ ಹೋಗ್ತಿದ್ದಾನೆ.

ಓದಿ ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟದ್ದು. ಹೇಳಿದ್ರೆ ಅವನ ಪಾಲಿಗೆ ಮಾಸ್ಟರು ಇಲ್ಲ. ಹೇಳದಿದ್ರೆ ತಾನೇ ತಪ್ಪು ಮಾಡಿದೆ ಅಂತ ಊಟ ಬಿಟ್ಟು ಮಲಗಿರ್ತಾನೆ. 'ಕಾದು ಎತ್ತಿದ' ಅಂತ ಬರೆಯೋಕೆ ಕೂತೆ. ನನ್ನ ಕೈಲಾಗಲಿಲ್ಲ.

ನಿನ್ನ ಮಗಳು


ಆಗಸ್ಟ್ 19

ಏ ಗುಬ್ಬೀ! ಗುಬ್ಬಕ್ಕಾ! ಗುಬ್ಬಮ್ಮಾ!

ನಾನು ಕೈ ಎತ್ತಿಲ್ವಂತೆ ಕಣೇ!

ಅಪ್ಪ ಒಂದು ವಾರ ಜೇಬಲ್ಲಿ ಇಟ್ಕೊಂಡು ಓಡಾಡಿದ. ಗೊತ್ತಾಗಲ್ವಾ ನನಗೆ? ದಿನವಿಡೀ ನೋಡೋಕೆ ನನಗಿರೋದು ಅಪ್ಪನ ಮುಖ, ಇಲ್ಲ ಜಂತಿ. ಜಂತಿ ಬದಲಾಗಲ್ಲ, ಅಪ್ಪನ ಮುಖ ಬದಲಾಗಿತ್ತು. ಜೇಬಲ್ಲಿರೋದು ಓದ್ತೀಯೋ, ನಾನು ಈ ಗಾಳಿ ಬಿಟ್ಟ ದನಿಯಲ್ಲೇ ಕೂಗಿ ಪಕ್ಕದ ಮನೆಯವರನ್ನ ಕರೀಲೋ ಅಂದೆ. ಓದಿದ. ಬಸ್ಸಿನ ಬೋರ್ಡಿನ ಹಾಗೇ ಓದಿದ, ಒಂದು ಪದ ಬಿಡಲಿಲ್ಲ. ದೂರಿನ ಜಾಗಕ್ಕೆ ಬಂದಾಗ ಮಾತ್ರ ಗಾಡಿ ನಿಂತಿತು. ಆಮೇಲೆ ನನ್ನ ಕಾಲು ಹಿಡ್ಕೊಂಡು ಕೂತುಬಿಟ್ಟ. ಹಿಡಿದದ್ದು ನನಗೆ ಗೊತ್ತಾಗಲ್ಲಪ್ಪಾ, ಬೇಕಿದ್ರೆ ಕಿವಿ ಹಿಡ್ಕೋ ಅಂದೆ. ಕಿವಿ ಹಿಡ್ಕೊಂಡ. ಇಬ್ಬರೂ ಅತ್ತಿದ್ದಾಯ್ತು.

ಎಂಥ ಪೆದ್ದ ನಾನು! ಸಿನಿಮಾದಲ್ಲಿ ಮುಖ ಹೀರೋದು, ಬೆನ್ನು ನಮ್ಮದು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದವನು, ಆ ಕೈ ಯಾರದು ಅಂತ ಒಂದು ಸಲ ಕೇಳಲಿಲ್ಲ. ಅಪ್ಪ ಕಂಡೆ ಅಂದ, ಮಾಸ್ಟರು ಕಂಡೆ ಅಂದ್ರು. ಇವರಿಬ್ಬರು ಹೇಳಿದ ಮೇಲೆ ನನಗೆ ಇನ್ನೇನು ಬೇಕು?

ಅವತ್ತೇ ಊಟ ಮಾಡಿದೆ. ಎರಡು ಸಲ ಹಾಕಿಸ್ಕೊಂಡೆ.

ಈಗ ಭಾನುವಾರದ್ದು. ಮಾಸ್ಟರು ಬಂದ್ರು, ಶೂ ಬಾಗಿಲಲ್ಲಿ ಬಿಟ್ರು, ನೀರು ಕಾಯಿಸಿ ತಂದ್ರು. ಸೋಪು ಹಚ್ಚಿ ಒಂದು ಕಡೆ ಕೆನ್ನೆ ಪೂರ್ತಿ ಮಾಡಿದ್ರು. ಬ್ಲೇಡು ಕುತ್ತಿಗೆ ಹತ್ರ ಇತ್ತು. ನಾನು ಮೆತ್ತಗೆ ಕೇಳಿದೆ, 'ಮಾಸ್ಟರ್, ನೀವು ನನ್ನ ಎತ್ತಿದಾಗ ನನ್ನ ಬಲಗೈ ಎಲ್ಲಿತ್ತು?'

ಕೈ ನಿಂತುಬಿಡ್ತು.  ಸುಳ್ಳು ಹೇಳ್ತಾರೆ ಅಂದ್ಕೊಂಡೆ. ಹೇಳಲಿಲ್ಲ. 'ಹೀರೋ ಹೊರಡೋ ಹೊತ್ತಾಗಿತ್ತು ಕಣೋ, ಇನ್ನೊಂದು ಶಾಟ್ ಬಾಕಿ ಇತ್ತು. ಬೇಗ ಎಬ್ಬಿಸಿ ಅಂತ ಎಲ್ಲರೂ ಕೂಗ್ತಿದ್ರು. ನೀನು ಯಾವತ್ತೂ ಎದ್ದೋನೇ ಅಲ್ವಾ, ಇವತ್ತೂ ಏಳ್ತೀಯಾ ಅಂತ...' ಅಂದ್ರು. ಬ್ಲೇಡು ಬಟ್ಟಲಿಗೆ ಹಾಕಿ, ಶೂ ಕೈಯಲ್ಲಿ ಹಿಡ್ಕೊಂಡು ಬರಿಗಾಲಲ್ಲಿ ಹೋದ್ರು.

ನನಗೆ ಕೋಪ ಬಂತು ಅಂದ್ಕೊಂಡ್ಯಾ? ಬಂತು. ಎಷ್ಟು ಅಂದ್ರೆ, ಎದ್ದು ನಿಲ್ತೀನೇನೋ ಅನ್ನಿಸ್ತು. ಹತ್ತು ವರ್ಷ ಅವರನ್ನ ದೇವರು ಅಂದ್ಕೊಂಡಿದ್ದೆ. ಈಗ ಭಾನುವಾರ ಬಂದ್ರೆ ಬಾಗಿಲು ನೋಡೋಕೆ ಯಾರೂ ಇಲ್ಲ. ಅದೂ ಒಂದು ದುಃಖ, ಮುಚ್ಚಿಡಲ್ಲ. ಅರ್ಧ ಗಡ್ಡ ಹಾಗೇ ಇದೆ. ಅಪ್ಪ ಪೂರ್ತಿ ಮಾಡ್ತೀನಿ ಅಂದ, ಬೇಡ ಅಂದೆ. ಅಪ್ಪನ ಕೈ ನಡುಗುತ್ತೆ, ಉಳಿದಿರೋ ಕುತ್ತಿಗೆಯೂ ಹೋದೀತು.

ಅಪ್ಪ ಮತ್ತೆ ಠಾಣೆಗೆ ಹೋಗ್ತೀನಿ ಅಂತಾನೆ. ಹೋಗಲಿ. ನನಗೆ ಅದಕ್ಕಿಂತ ಮೊದಲು ನಮ್ಮ ಹುಡುಗರು ಬೇಕು. ನಾಳೆ ಎಲ್ಲರನ್ನೂ ಕರೆಸ್ತಿದ್ದೀನಿ. ಕೋಣೆಯಲ್ಲಿ ಹಿಡಿಸದಿದ್ರೆ ಕಿಟಕಿಯಲ್ಲಿ ನಿಂತು ಕೇಳಲಿ. ಎರಡು ಮಾತು ಹೇಳ್ತೀನಿ. ನಾನು ಎತ್ತಿಲ್ಲ. ಎತ್ತದೇ ಇದ್ದವನನ್ನ, ದೇವರು ಬಂದು ಹೇಳಿದ್ರೂ ಮುಟ್ಟಬೇಡಿ.

ನೀನು ಬರಿ. ಉಗುರಿನ ವಿಷಯ ಬಿಡಬೇಡ.

ಚೆಂಡು


ಸೆಪ್ಟೆಂಬರ್ 4

ಚೆಂಡಣ್ಣಾ,

ಬರೆದು ಕೊಟ್ಟೆ. ಉಗುರು, ನೆರಳು, ಶೂ, ಎಲ್ಲ ಹಾಕಿದ್ದೀನಿ. ಮೊದಲ ತಿರುವು ವ್ಯಾನಿಗೆ ಬೆಂಕಿ, ನಡುವಿನ ಪೆಟ್ಟು ಗುಮಾಸ್ತ, ಅಲ್ಲಿವರೆಗೆ ಮೇಡಮ್ಮು ಸರಿ ಗುರುತು ಹಾಕ್ಕೊಂಡು ಬಂದಿದ್ದಾರೆ. ಕೊನೆಗೆ ನಾನು ಬರೆದದ್ದು ಇಷ್ಟು: ಈ ಸಿನಿಮಾದಲ್ಲಿ ಎರಡನೇ ಅಂಕದ ಕೊನೆಗೆ ಬೀಳೋನು ಒಬ್ಬ, ಮೂರನೇ ಅಂಕದ ಮೊದಲಿಗೆ ಏಳೋನು ಇನ್ನೊಬ್ಬ. ಬಿದ್ದವನಿಗೆ ಮೂರನೇ ಅಂಕ ಇಲ್ಲ.

ಮೇಡಮ್ಮು ಕರೆಸಿದ್ರು. 'ಇದು ಸಿನಿಮಾದ ವಿಷಯ ಅಲ್ಲ, ಶೂಟಿಂಗಿನ ವಿಷಯ. ಇದೆಲ್ಲ ನಿನಗೆ ಹೇಗೆ ಗೊತ್ತು?' ಅಂದ್ರು. ಆ ಬಿದ್ದವನು ನಮ್ಮಣ್ಣ ಅಂದೆ. ಬರೆದದ್ದನ್ನ ಮತ್ತೆ ಮೊದಲಿಂದ ಓದಿದ್ರು. ಆಮೇಲೆ, ಪರೀಕ್ಷೆ ಮುಗಿದ ಕೂಡಲೇ ಊರಿಗೆ ಹೋಗು ಅಂದ್ರು. ಮಾರ್ಕ್ಸ್ ಇನ್ನೂ ಹಾಕಿಲ್ಲ.

ಜ್ವರ ಹೇಗಿದೆ? ಬರೀ ತಮಾಷೆ ಬರೆಸಬೇಡ, ಜ್ವರದ ಬಗ್ಗೆ ಬರೆಸು. ರಜೆ ಸಿಕ್ಕಿದ ದಿನವೇ ಹೊರಡ್ತೀನಿ. ಗಡ್ಡ ನಾನು ಮಾಡ್ತೀನಿ, ನನ್ನ ಕೈ ನಡುಗಲ್ಲ.

ಗುಬ್ಬಿ


ಅಕ್ಟೋಬರ್ 30

ಮಗಳೇ,

ನೀನು ಕ್ಷೇಮವಾಗಿ ತಲುಪಿದ್ದು ತಿಳಿಯಿತು. ಮನೆಯಲ್ಲಿ ನೀನಿದ್ದಷ್ಟು ದಿನ ಒಂದು ವಿಷಯ ಹೇಳಬೇಕು ಅಂತ ಬಾಯಿಯವರೆಗೆ ಬರುತ್ತಿತ್ತು, ಹೇಳಲಾಗಲಿಲ್ಲ. ನೀನು ಬರುವ ಹೊತ್ತಿಗೆ ಅಣ್ಣನ ಸಂಸ್ಕಾರ ಮುಗಿದಿತ್ತು. ಇನ್ನೊಂದು ದಿನ ಕಾಯಬಹುದಿತ್ತಲ್ಲಪ್ಪಾ ಅಂತ ನೀನು ಕೇಳಿದೆ. ಬೆನ್ನ ಹುಣ್ಣಿನ ವಿಷ ಮೈಯೆಲ್ಲ ಏರಿತ್ತು. ಇಡುವ ಹಾಗಿರಲಿಲ್ಲ.

ಅವನು ಕೊನೆಯವರೆಗೂ ಊಟ ಮಾಡುತ್ತಿದ್ದ. ಅದನ್ನು ನೀನು ತಿಳಿದಿರಬೇಕು. ಆ ಕಾಗದ ಓದಿದ ದಿನದಿಂದ ಒಂದು ದಿನವೂ ತಟ್ಟೆ ಬೇಡ ಅನ್ನಲಿಲ್ಲ. ಮೈಯೇ ತೆಗೆದುಕೊಳ್ಳಲಿಲ್ಲ.

ಹೇಳಬೇಕಾದ್ದು ಇದು. ಆ ಬೆಳಿಗ್ಗೆ ಹುಡುಗರೆಲ್ಲ ಬಂದರು. ಇಟ್ಟಿಗೆ ಮುಂದೆ ನಿಂತಿದ್ದ. ಕೋಣೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ, ಕಿಟಕಿಯಲ್ಲಿ, ಮೆಟ್ಟಿಲ ಮೇಲೆ, ರಸ್ತೆಯವರೆಗೂ ನಿಂತಿದ್ದರು. ಮಂಚದ ಸುತ್ತ ಒಂದಿಷ್ಟು ಜಾಗ ಬಿಟ್ಟಿದ್ದರು. ಸ್ನಾನ ಮಾಡಿಸಿ ಬಟ್ಟೆ ಹಾಕಿದ್ದಾಗಿತ್ತು, ಗಾಡಿ ಬಂದು ನಿಂತಿತ್ತು. ಎತ್ತಿಕೊಳ್ಳಿ ಅಂದೆ. ಯಾರೂ ಮುಂದೆ ಬರಲಿಲ್ಲ. ದುಃಖಕ್ಕೆ ನಿಂತಿದ್ದಾರೆ ಅಂದುಕೊಂಡೆ.

ಆಗ ಜನ ಸರಿದರು. ಮಾಸ್ಟರು ಬಂದಿದ್ದರು. ಆ ಭಾನುವಾರದ ನಂತರ ಬಂದದ್ದು ಅವತ್ತೇ. ಬಾಗಿಲಲ್ಲಿ ಬಿಳಿ ಶೂ ಬಿಟ್ಟು ಒಳಗೆ ಬಂದು, ಮಂಚದ ಹತ್ತಿರ ಬಗ್ಗಿ, ಇವನ ಕಂಕುಳಿಗೆ ಕೈ ಹಾಕಲು ಹೋದರು. ಇಟ್ಟಿಗೆ ಅಡ್ಡ ನಿಂತ. ಜೋರು ಮಾಡಲಿಲ್ಲ, ತಳ್ಳಲಿಲ್ಲ.

'ಕೈ ಎತ್ತಿಲ್ಲ ಮಾಸ್ಟರ್' ಅಂದ.

ಅವರು ಹಾಗೇ ಬಗ್ಗಿಕೊಂಡೇ ನಿಂತರು. ಹಿಂದಿನಿಂದ ಇನ್ನೊಬ್ಬ ಅದನ್ನೇ ಅಂದ. ಕಿಟಕಿಯಿಂದಲೂ ಯಾರೋ ಅಂದರು. ಮಾಸ್ಟರು ಮೆಲ್ಲಗೆ ಗೋಡೆಗೆ ಆನಿಕೊಂಡು ಕೆಳಗೆ ಕೂತುಬಿಟ್ಟರು. ಯಾರೂ ಅವರನ್ನು ಎಬ್ಬಿಸಲಿಲ್ಲ. ಆಗ ನನಗೆ ಅರ್ಥವಾಯಿತು, ಇವರು ಅವನು ಹೇಳಿಕೊಟ್ಟದ್ದನ್ನು ಮಾಡುತ್ತಿದ್ದಾರೆ. ಸಂಜೆಯವರೆಗೆ ಬೇಕಾದರೂ ಹಾಗೇ ನಿಂತಿರುತ್ತಿದ್ದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು.

ನಾನು ಮಂಚದ ಪಕ್ಕ ಕೂತೆ. ಒಂದು ಕಡೆ ಗಡ್ಡ ಇನ್ನೊಂದು ಕಡೆಗಿಂತ ಇನ್ನೂ ಸ್ವಲ್ಪ ಉದ್ದವಿತ್ತು. ಅವನ ಬಲಗೈ ತೆಗೆದುಕೊಂಡೆ. ಉಗುರು ನೋಡಿದೆ, ಕಚ್ಚಿದ ಗುರುತೆಲ್ಲ ಹೋಗಿ ಉದ್ದ ಬೆಳೆದಿತ್ತು. ಕಚ್ಚಲು ಬಾಯಿಯ ಹತ್ತಿರ ಕೈ ತರುವವರು ಯಾರು? ಅದನ್ನು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಅವನು ಎತ್ತದೇ ಇದ್ದ ಕೈಯನ್ನು ಎತ್ತಿದ ಅಂತ ನಾನು ಒಮ್ಮೆ ಹೇಳಿದ್ದೆ. ಅವತ್ತು ನಾನೇ ಎತ್ತಿದೆ. ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆ ಹಿಡಿದೆ. ಆಮೇಲೆ ಹುಡುಗರು ಓಡಿ ಬಂದು ಅವನನ್ನು ಎತ್ತಿಕೊಂಡರು.

ನಿನ್ನ ಅಪ್ಪ